ಕಣ್ಣೀರಿನ ಮನೆಗೆ ಹೋದವರು

ನಮ್ಮ ಊರುಗಳಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರೇ ಅನ್ನ, ಸಾರು ತಂದಿಡುತ್ತಾರೆ. ಮಕ್ಕಳನ್ನು ತಮ್ಮ ಮನೆಗೆ ಕರೆದೊಯ್ದು ತಲೆ ಬಾಚಿ ಶಾಲೆಗೆ ಕಳಿಸುತ್ತಾರೆ. ಹದಿಮೂರು ದಿನ ಕಳೆದ ಮೇಲೆ ನೆಂಟರು ಬಸ್ಸು ಹತ್ತುತ್ತಾರೆ, ಆಮೇಲಿನ ದಿನಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಇಷ್ಟಾದರೂ ಅದೊಂದು ಆಸರೆಯೇ. ಆದರೆ ಇಡೀ ಬೀದಿಯೇ ಸಾವಿನ ಮನೆಯಾದರೆ? ಅನ್ನ ತರಬೇಕಾದ ಪಕ್ಕದ ಮನೆಯಾಕೆಯೂ ತನ್ನ ಮಗುವನ್ನು ಕಳೆದುಕೊಂಡು ಗೋಡೆಗೆ ಒರಗಿ ಕೂತಿದ್ದರೆ?

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರ ಹುಡುಕಿದ ಕಥೆ ಅಷ್ಟೇನೂ ಹಳೆಯದಲ್ಲ. ಅದರಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಸತ್ತವರು 92 ಜನ, ಹೆಚ್ಚಿನವರು ಮಕ್ಕಳು. ನಾನಾಗ ಐದನೆಯ ತರಗತಿಯಲ್ಲಿದ್ದೆ. ಆಮೇಲೆ ನಮ್ಮೂರಿಗೆ ಸರ್ಕಸ್ ಬಂದಾಗ ಅಮ್ಮ ಎರಡು ವರ್ಷ ನಮ್ಮನ್ನು ಕಳಿಸಲೇ ಇಲ್ಲ. ಸುಟ್ಟವರಿಗೆ ಆಸ್ಪತ್ರೆಯಿತ್ತು, ಸತ್ತವರಿಗೆ ಪರಿಹಾರವಿತ್ತು. ಮಗುವಿನ ಚಪ್ಪಲಿ ಹಿಡಿದುಕೊಂಡು ಮನೆಗೆ ಮರಳಿದ ತಾಯಿಗೆ ಏನಿತ್ತು? ನಿಮ್ಹಾನ್ಸ್ ಸಂಸ್ಥೆಯ ಕೆಲವರು ಹಾಗೆ ಮಕ್ಕಳನ್ನೂ ಮನೆಯವರನ್ನೂ ಕಳೆದುಕೊಂಡವರನ್ನು ಕಂಡು, ಮಾತಾಡಿಸಿ, ಅವರ ದುಃಖದ ರೀತಿಯನ್ನು ಬರೆದಿಟ್ಟರು. ದುರಂತದಲ್ಲಿ ಉಳಿದವರ ಮನಸ್ಸಿನ ಬಗ್ಗೆ ಭಾರತದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು.

ಅಷ್ಟು ಹೊತ್ತಿಗೆ ಆಸ್ಪತ್ರೆಯ ಗೇಟು ದಾಟಿ ಹೊರಗೆ ಹೋಗುವ ಅಭ್ಯಾಸ ಆ ಸಂಸ್ಥೆಗೆ ಆಗಿತ್ತು. 1975-76ರ ಸುಮಾರಿಗೆ ಬನ್ನೇರುಘಟ್ಟದ ಕಡೆಯ ಸಕಲವಾರ ಎಂಬ ಹಳ್ಳಿಯಲ್ಲಿ ಅದರ ಗ್ರಾಮೀಣ ಕೇಂದ್ರ ಆರಂಭವಾಯಿತು. ಅದೇ ಕಾಲಕ್ಕೆ ಚಂಡೀಗಢದ ವೈದ್ಯರು ಹರಿಯಾಣದ ರಾಯಪುರ ರಾಣಿಯಲ್ಲಿ ಇಂಥದೇ ಕೆಲಸಕ್ಕೆ ಕೈ ಹಾಕಿದ್ದರು. ಮನೋವೈದ್ಯರು ಬೆರಳೆಣಿಕೆಯಷ್ಟು, ಹಳ್ಳಿಗಳೋ ಲಕ್ಷಾಂತರ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ, ಮನೆಮನೆ ಸುತ್ತುವ ನರ್ಸಮ್ಮನಿಗೂ ಕಲಿಸಿಕೊಟ್ಟರೆ ಆದೀತೇ ಎಂದು ನೋಡಿದರು. ಆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು, ಆ ದಶಕದ ಮಧ್ಯದಲ್ಲಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಈ ಪದ್ಧತಿಯನ್ನು ನಡೆಸಿ ನೋಡಿದರು. 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಹಬ್ಬಿದ್ದು ಈ ಬಳ್ಳಾರಿಯ ಮಾದರಿಯೇ.

ನಡುವೆ ಭೋಪಾಲವಾಯಿತು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಕಣ್ಣಿಗೆ, ಶ್ವಾಸಕೋಶಕ್ಕೆ ಡಾಕ್ಟರುಗಳು ಓಡಿ ಬಂದರು. ಮನಸ್ಸಿಗೂ ಪೆಟ್ಟಾಗಿರುತ್ತದೆ ಎಂಬುದು ನೆನಪಾಗಲು ಎರಡು ತಿಂಗಳು ಬೇಕಾಯಿತು. ಆಮೇಲೆ ಅಲ್ಲಿನ ಚಿಕಿತ್ಸಾಲಯಗಳಿಗೆ ಬಂದವರನ್ನು ಪರೀಕ್ಷಿಸಿದಾಗ ನಾಲ್ಕೈದು ಜನರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇದ್ದದ್ದು ಕಂಡಿತು. ಅವರಲ್ಲಿ ನೂರಕ್ಕೆ 80ರಷ್ಟು ಹೆಂಗಸರು! ಓದುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಅಲ್ಲವೇ? ಎದೆ ಉರಿ, ತಲೆನೋವು, ನಿದ್ದೆಯಿಲ್ಲ ಎಂದು ಹೇಳಿಕೊಂಡು ಬರುವವಳ ಒಳಗೆ ಏನಿರುತ್ತದೆಂದು ನಮಗೆ ಗೊತ್ತು. 1985ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಮನೋವೈದ್ಯರು ಅಲ್ಲಿಗೆ ಹೋಗಿ, ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು, ಅದಕ್ಕೆಂದೇ ಒಂದು ಕೈಪಿಡಿಯನ್ನೂ ಮಾಡಿದರು.

ಆದರೆ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಒಡಿಶಾದ ಕಥೆ. 1999ರ ಅಕ್ಟೋಬರ್ 29ರ ಚಂಡಮಾರುತದಲ್ಲಿ ಅಲ್ಲಿ ಹತ್ತಿರ ಹತ್ತಿರ 10,000 ಜನ ತೀರಿಕೊಂಡರು. ಅಲ್ಲಿ ಈ ಕೆಲಸಕ್ಕೆ ಹಳ್ಳಿಗಳ ಜನರನ್ನೇ ಆರಿಸಿ ತರಬೇತಿ ಕೊಟ್ಟರು. ಅವರಿಗಿಟ್ಟ ಹೆಸರು 'ಸ್ನೇಹಕರ್ಮಿ'. ಎಂಥ ಒಳ್ಳೆಯ ಹೆಸರು! ನಮ್ಮ ಸರ್ಕಾರಿ ಕಾಗದಗಳಲ್ಲಿ ಇಂಥ ಹೆಸರು ಸಿಗುವುದು ಅಪರೂಪ. ಗಂಡ ಸತ್ತವಳ, ಒಂಟಿ ಮುದುಕಿಯ, ತಬ್ಬಲಿ ಮಗುವಿನ ಬಳಿ ಹೋಗಿ ಕೂರುವುದೇ ಅವರ ಕೆಲಸ.

ಹೋಗಿ ಕೂತು ಏನು ಮಾಡಬೇಕು? ನಿಮ್ಹಾನ್ಸ್‌ನವರು ಇಂಥ ಕಾರ್ಯಕರ್ತರಿಗೆ ಕಲಿಸುತ್ತ ಬಂದಿರುವ ಪಾಠ ಬಲು ಸರಳ. ದುಃಖವನ್ನು ಹೊರಗೆ ಹರಿಯಲು ಬಿಡಬೇಕು. ಅವರ ಜಾಗದಲ್ಲಿ ನಿಂತು ನೋಡಬೇಕು. ನಡುವೆ ಬಾಯಿ ಹಾಕದೆ ಕೇಳಬೇಕು. ಕಡಿದುಹೋದ ನೆಂಟು ನೆರೆಹೊರೆಯನ್ನು ಮತ್ತೆ ಜೋಡಿಸಬೇಕು. ಕೈಗೆ ಏನಾದರೂ ಕೆಲಸ ಹಚ್ಚಬೇಕು. ದಣಿದ ಮೈಗೆ ವಿಶ್ರಾಂತಿ, ಮಕ್ಕಳಿಗೆ ಆಟಪಾಟ. ದೇವರಲ್ಲಿ ನಂಬಿಕೆ ಇದ್ದವರಿಗೆ ಭಜನೆ, ಪ್ರಾರ್ಥನೆ. ಕೇಳಲು ಇಷ್ಟೇ. ಆದರೆ 'ಬಾಯಿ ಹಾಕದೆ ಕೇಳುವುದು' ಎಷ್ಟು ಕಷ್ಟವೆಂದು ಮೂವತ್ತು ವರ್ಷ ಪಾಠ ಹೇಳಿದ ನಾನು ಬಲ್ಲೆ! ಮೇಷ್ಟರುಗಳಿಗಂತೂ ಅದು ಹುಟ್ಟುಗುಣವಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹುಡುಗಿಯೊಬ್ಬಳ ಅಣ್ಣ ಕೆರೆಯಲ್ಲಿ ಮುಳುಗಿ ತೀರಿಕೊಂಡ. ಬಂದವರೆಲ್ಲ ತಾಯಿಗೆ ಹೇಳಿದ್ದು ಒಂದೇ, "ಅಳಬೇಡ, ಇನ್ನೊಬ್ಬಳು ಮಗಳಿದ್ದಾಳಲ್ಲ, ಅವಳ ಮುಖ ನೋಡಿ ಬದುಕು." ಆಕೆ ಅಳು ನಿಲ್ಲಿಸಿದಳು, ಜೊತೆಗೆ ಮಾತನ್ನೂ ನಿಲ್ಲಿಸಿದಳು. ಆ ಬೀದಿಯ ಆಶಾ ಕಾರ್ಯಕರ್ತೆ ಮಾತ್ರ ವಾರಕ್ಕೊಮ್ಮೆ ಬಂದು ಜಗುಲಿಯ ಮೇಲೆ ಕೂರುತ್ತಿದ್ದಳು. ಒಮ್ಮೆ ಕೇಳಿದಳಂತೆ, "ಅವನಿಗೆ ಏನು ಅಡಿಗೆ ಇಷ್ಟ ಇತ್ತಕ್ಕಾ?" ಬಹಳ ಹೊತ್ತಿನ ಮೇಲೆ ಉತ್ತರ ಬಂತು, "ಹೀರೇಕಾಯಿ ಸಿಪ್ಪೆ ಚಟ್ನಿ." ಅಲ್ಲಿಂದ ಮಾತು ಹರಿಯಿತು. ಹರಿಯುತ್ತ, "ನಾನೂ ಆ ಕೆರೆಗೇ ಹೋಗ್ತೀನಿ" ಎಂಬುದೂ ಹೊರಬಂತು.

ಬೇರೆಯವರಾಗಿದ್ದರೆ "ಬಿಡ್ತು ಅನ್ನು" ಎಂದು ಗದರಿ ಎದ್ದುಹೋಗುತ್ತಿದ್ದರು. ಈಕೆ ಹಾಗೆ ಮಾಡಲಿಲ್ಲ. "ಯಾವಾಗಿಂದ ಹಾಗನ್ನಿಸ್ತಿದೆ ಅಕ್ಕಾ?" ಎಂದು ಕೇಳಿದಳು. ಗಂಡನನ್ನು ಕರೆದು ವಿಷಯ ತಿಳಿಸಿ, ಆಕೆಯನ್ನು ಒಬ್ಬಳೇ ಬಿಡಬೇಡಿ ಎಂದಳು. ಹಿತ್ತಲ ಕೋಣೆಯಲ್ಲಿದ್ದ ಬೆಳೆಯ ಔಷಧಿಯ ಡಬ್ಬಿಗಳನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಿದಳು. ಮರುದಿನವೇ ಮೊದಲ ಬಸ್ಸಿಗೆ ಜೊತೆಯಲ್ಲಿ ಹೊರಟು, ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದಳು. ಆಮೇಲಿನ ಭೇಟಿಗಳಿಗೆ ತಾಲ್ಲೂಕು ಆಸ್ಪತ್ರೆಯೇ ಸಾಕಾಯಿತು. 2014ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಂತೆ ಅಲ್ಲಿಗೆ ಮಂಗಳವಾರ ಮನೋವೈದ್ಯರು ಬರುತ್ತಿದ್ದರು. ಆ ತಾಯಿ ಈಗ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ನಮ್ಮ ಶಾಲೆಯ ಮಕ್ಕಳ ಲಂಗ ಹೊಲಿಯುವವಳು ಅವಳೇ.

ಆಶಾ ಕಾರ್ಯಕರ್ತೆಗೆ ಇದಕ್ಕೆ ಬೇರೆ ಸಂಬಳವಿಲ್ಲ. ಸಿಗುವುದಕ್ಕೆ ಗೌರವಧನವೆಂದು ಹೆಸರು. ಅದರಲ್ಲಿ ಗೌರವವೂ ಅಷ್ಟಕ್ಕಷ್ಟೆ, ಧನವೂ ಅಷ್ಟಕ್ಕಷ್ಟೆ. ಬಾಣಂತಿ, ಲಸಿಕೆ, ಸರ್ವೆ ಎಂದು ಸಾವಿರ ಕೆಲಸದ ನಡುವೆ ಇದನ್ನೂ ಅವಳ ಹೆಗಲಿಗೇ ಹಾಕಿ ಅವಳನ್ನು ತಾಯಿ, ದೇವತೆ ಎಂದು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಾನೂನೂ ನಿಧಾನಕ್ಕೆ ಕಣ್ಣು ತೆರೆದಿದೆ. ಮೊದಲು ಜೀವ ಕಳೆದುಕೊಳ್ಳಲು ಹೋಗಿ ಬದುಕಿದವರ ಮೇಲೆ ಪೊಲೀಸ್ ಕೇಸು. ಆ ಹೆದರಿಕೆಗೇ ಎಷ್ಟೋ ಮನೆಯವರು ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಿದ್ದರು. 2017ರ ಮಾನಸಿಕ ಆರೋಗ್ಯ ಕಾಯಿದೆ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದು ಹೇಳಿತು. 2022ರ ಅಕ್ಟೋಬರ್ 10ರಂದು ಟೆಲಿ ಮನಸ್ ಎಂಬ ದೂರವಾಣಿ ಸೇವೆ ಶುರುವಾಯಿತು. 14416ಕ್ಕೆ ಯಾವ ಹೊತ್ತಿನಲ್ಲಿ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಈ ನಂಬರನ್ನು ನಾನು ನಮ್ಮ ಶಾಲೆಯ ನೀರಿನ ಟ್ಯಾಂಕಿನ ಪಕ್ಕದ ಗೋಡೆಯ ಮೇಲೆ ಬರೆಸಿದ್ದೇನೆ. ನೀರು ಹಿಡಿಯಲು ಬರುವ ಹೆಣ್ಣುಮಕ್ಕಳು ಯಾರ ಕಣ್ಣಿಗೂ ಬೀಳದ ಹಾಗೆ ಅದನ್ನು ಓದಿಕೊಳ್ಳಬಹುದು.