ಬಾಸ್ ಮೀನಿಗೆ ಗಾಳ: ಕೋಲು, ರೀಲು, ದಾರ, ಎರೆ ನಡೆದು ಬಂದ ದಾರಿ

ಅಮೆರಿಕದಲ್ಲಿ ಸಿಹಿನೀರಿನ ಗಾಳದ ಮಾತು ಬಂದರೆ ಮೊದಲು ನೆನಪಾಗುವುದು ಬಾಸ್ ಮೀನು. ಅದರಲ್ಲಿ ಮುಖ್ಯವಾದವು ಎರಡು. ಲಾರ್ಜ್‌ಮೌತ್ ಬಾಸ್ ಜೊಂಡು, ಮುಳುಗಿದ ಮರ, ದೋಣಿಕಟ್ಟೆಯ ನೆರಳು ಇಂಥ ಕಡೆ ಹೊಂಚು ಹಾಕಿರುತ್ತದೆ. ಹತ್ತಿರ ಸುಳಿದ ಮರಿಮೀನು, ಕಪ್ಪೆ, ಸಿಗಡಿಗಳ ಮೇಲೆ ಒಮ್ಮೆಲೇ ಎರಗುತ್ತದೆ. ಸ್ಮಾಲ್‌ಮೌತ್ ಬಾಸ್‌ಗೆ ಬೇಕಾದದ್ದು ಕಲ್ಲುತಳದ, ತಂಪಾದ ತಿಳಿನೀರು. ಗಾಳ ಹಾಕುವ ಸಿರಿವಂತರು ಟ್ರೌಟ್, ಸಾಮನ್‌ಗಳನ್ನಷ್ಟೇ ಲೆಕ್ಕಕ್ಕೆ ಇಟ್ಟುಕೊಂಡಿದ್ದ ಕಾಲದಲ್ಲಿ, 1881ರಲ್ಲಿ, ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯ ಬಾಸ್ ಮೀನಿನ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದ. ಆ ಮೀನಿಗೆ ಮರ್ಯಾದೆ ತಂದುಕೊಟ್ಟವರಲ್ಲಿ ಅವನು ಮೊದಲಿಗ.

ಇಂದು ಆ ದೇಶದ ಯಾವುದೇ ದೊಡ್ಡ ಗಾಳದಂಗಡಿಗೆ ಹೋದರೂ ಗೋಡೆಯುದ್ದಕ್ಕೂ ಕೋಲುಗಳು, ಗಾಜಿನ ಪೆಟ್ಟಿಗೆ ತುಂಬ ರೀಲುಗಳು, ಸಾಲುಸಾಲಾಗಿ ಬಣ್ಣಬಣ್ಣದ ಕೃತಕ ಎರೆಗಳು. ಹೊಸಬರ ಕಣ್ಣು ಮೊದಲು ಹೋಗುವುದು ರೀಲಿನ ಕಡೆಗೆ, ಹಣ ಹೆಚ್ಚು ಖರ್ಚಾಗುವುದೂ ಅದಕ್ಕೇ. ಆದರೆ ಈ ಸಲಕರಣೆಗಳ ಇತಿಹಾಸ ಹೇಳುವುದು ಬೇರೆ ಮಾತು. ಹೊಸ ವಸ್ತುಗಳು ಗಡಿಯಾರದ ಅಂಗಡಿಯಿಂದ, ಬಟ್ಟೆ ಗಿರಣಿಯಿಂದ, ವಿಮಾನದ ಪ್ರಯೋಗಾಲಯದಿಂದ ಬಂದವು. ಅವುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಿದ್ದು ಮಾತ್ರ ಮೀನು ಇರುವ ಜಾಗ ಮತ್ತು ಅದಕ್ಕೆ ಒಡ್ಡುವ ಎರೆ.

ಗಡಿಯಾರದವರ ರೀಲು

19ನೇ ಶತಮಾನದ ಆರಂಭದಲ್ಲಿ ಕೆಂಟುಕಿಯ ಪ್ಯಾರಿಸ್ ಎಂಬ ಸಣ್ಣ ಊರಿನಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕೆಲಸಗಾರನಿದ್ದ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರದ ಉರುಳೆ ಹಲವು ಸುತ್ತು ತಿರುಗುವಂತೆ ಹಲ್ಲುಚಕ್ರ ಜೋಡಿಸಿ ಅವನು ರೀಲು ಮಾಡಿದ. ಇಂಥ ರೀಲು ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಆದರೆ ಜೀವಂತ ಮರಿಮೀನನ್ನು ಕೋಲಿನ ತುದಿಯಿಂದ ದೂರ ಎಸೆಯಬಲ್ಲಷ್ಟು ಸಲೀಸಾಗಿ ತಿರುಗುವ ರೀಲು ಹುಟ್ಟಿದ್ದು ಕೆಂಟುಕಿಯಲ್ಲಿ. ಮುಂದೆ ಅದೇ ರಾಜ್ಯದ ಫ್ರ್ಯಾಂಕ್‌ಫರ್ಟಿನ ಮೀಕ್ ಸಹೋದರರು ಈ ಕಸುಬನ್ನು ಕಲೆಯ ಮಟ್ಟಕ್ಕೆ ಒಯ್ದರು.

ಈ ಬಗೆಯ ರೀಲಿಗೆ ಅಂಟಿದ ತೊಂದರೆ ಒಂದೇ, ಅದು ಇಂದಿಗೂ ಪೂರ್ತಿ ಹೋಗಿಲ್ಲ. ಎಸೆದ ಎರೆ ದಾರವನ್ನು ಎಳೆಯುತ್ತಾ ಹೋಗುತ್ತದೆ, ದಾರ ಉರುಳೆಯನ್ನು ತಿರುಗಿಸುತ್ತದೆ. ಗಾಳಿಯ ತಡೆಯಿಂದ ಎರೆಯ ವೇಗ ತಗ್ಗುತ್ತದೆ, ಆದರೆ ಉರುಳೆ ತನ್ನ ವೇಗದಲ್ಲೇ ತಿರುಗುತ್ತಿರುತ್ತದೆ. ಎರೆ ಎಳೆಯುವುದಕ್ಕಿಂತ ಹೆಚ್ಚು ದಾರ ಬಿಚ್ಚಿಕೊಂಡು ಉರುಳೆಯ ಮೇಲೆಯೇ ಉಬ್ಬುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಕ್ಕಿಗೂಡಿನಂಥ ಸಿಕ್ಕು. ಇದನ್ನು ತಡೆಯಲು ಇದ್ದ ಏಕೈಕ ಬ್ರೇಕು ಗಾಳಗಾರನ ಹೆಬ್ಬೆರಳು. ಮುಂದಿನ ನೂರು ವರ್ಷಗಳ ಸುಧಾರಣೆ ಬಹುಪಾಲು ಈ ಹೆಬ್ಬೆರಳಿಗೆ ನೆರವಾಗುವ ಪ್ರಯತ್ನವೇ. 19ನೇ ಶತಮಾನದ ಕೊನೆಗೆ ಮಿಶಿಗನ್‌ನ ಕಲಮಜೂ ಊರಿನ ವಿಲಿಯಂ ಶೇಕ್ಸ್‌ಪಿಯರ್ ಜೂನಿಯರ್, ದಾರ ಉರುಳೆಯ ಮೇಲೆ ಸಮನಾಗಿ ಹರಡಿ ಸುತ್ತಿಕೊಳ್ಳುವ ವ್ಯವಸ್ಥೆ ತಂದ. 1950ರ ದಶಕದಲ್ಲಿ ಸ್ವೀಡನ್ನಿನ ಆಬು ಕಂಪನಿಯ ಕೆಂಪು ಬಣ್ಣದ ಅಂಬಾಸಡರ್ 5000 ಬಂತು. ಉರುಳೆ ವೇಗವಾಗಿ ತಿರುಗಿದಷ್ಟೂ ಹೊರಕ್ಕೆ ಸರಿದು ಉಜ್ಜುವ ಸಣ್ಣ ತುಂಡುಗಳೇ ಅದರ ಬ್ರೇಕು. 1980ರ ದಶಕದಲ್ಲಿ ಜಪಾನಿನ ಡೈವಾ ಕಂಪನಿ ಅಯಸ್ಕಾಂತದ ಬ್ರೇಕನ್ನು ಬಳಕೆಗೆ ತಂದಿತು.

ಇನ್ನೊಂದು ದಾರಿ ಉರುಳೆಯನ್ನೇ ನಿಲ್ಲಿಸಿಬಿಡುವುದು. ಇಂಗ್ಲೆಂಡಿನ ಉಣ್ಣೆ ಗಿರಣಿಗಳ ಊರಾದ ಬ್ರ್ಯಾಡ್‌ಫರ್ಡಿನ ಆಲ್ಫ್ರೆಡ್ ಇಲಿಂಗ್‌ವರ್ತ್ 1905ರಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದ. ಗಿರಣಿಯ ನೂಲಿನ ಉರುಳೆಯ ತುದಿಯಿಂದ ನೂಲು ಜಾರಿಬರುವ ಹಾಗೆ, ಇದರಲ್ಲೂ ಉರುಳೆ ತಿರುಗದೆ ದಾರ ಮಾತ್ರ ಜಾರುತ್ತದೆ. ತಿರುಗುವುದೇ ಇಲ್ಲವಾದ್ದರಿಂದ ಸಿಕ್ಕು ಬೀಳುವುದು ಅಪರೂಪ, ಹಗುರವಾದ ಎರೆಯನ್ನೂ ದೂರ ಎಸೆಯಬಹುದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನ ಮಿಚೆಲ್ ರೀಲುಗಳ ಮೂಲಕ ಈ ಸ್ಪಿನ್ನಿಂಗ್ ರೀಲು ಅಮೆರಿಕದ ಮನೆಮನೆ ಸೇರಿತು. ಅದೇ ಹೊತ್ತಿಗೆ ಒಕ್ಲಹೋಮಾದ ಟಲ್ಸಾದಲ್ಲಿ, ತೈಲಬಾವಿಗಳಿಗೆ ಸಿಡಿಮದ್ದು ಮಾಡುತ್ತಿದ್ದ ಜೀರೋ ಅವರ್ ಬಾಂಬ್ ಕಂಪನಿ ಮುಚ್ಚಳವಿರುವ, ಗುಂಡಿ ಒತ್ತಿ ಎಸೆಯುವ ರೀಲು ಮಾಡಿತು. ಆ ಕಂಪನಿಯ ಹೆಸರಿನಿಂದಲೇ ಬಂದ ಜೆಬ್ಕೊ ರೀಲು ಇಂದಿಗೂ ಅಲ್ಲಿನ ಮಕ್ಕಳ ಮೊದಲ ರೀಲು.

ಮರದ ಮೀನು, ಪ್ಲಾಸ್ಟಿಕ್ ಎರೆಹುಳು

ಮಿಶಿಗನ್‌ನ ಡೊವಾಜಿಯಾಕ್ ಊರಿನ ಜೇಮ್ಸ್ ಹೆಡನ್ ಕೆತ್ತಿ ಬಿಸಾಡಿದ ಮರದ ತುಂಡಿನ ಮೇಲೆ ಬಾಸ್ ಎರಗಿತಂತೆ, ಅಲ್ಲಿಂದಲೇ ಮರದ ಎರೆಯ ಯೋಚನೆ ಹುಟ್ಟಿತಂತೆ. ಅಲ್ಲಿನವರು ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ಕಥೆ ಹೇಗೇ ಇರಲಿ, 1890ರ ದಶಕದಲ್ಲಿ ಅವನು ಕೆತ್ತಿದ ಮರದ ಕಪ್ಪೆಗಳು ಮತ್ತು ಆಮೇಲೆ ಅವನ ಕಂಪನಿ ಮಾಡಿದ ಎರೆಗಳು, ಜೀವಂತ ಎರೆ ಇಲ್ಲದೆಯೂ ಬಾಸ್ ಹಿಡಿಯಬಹುದೆಂದು ತೋರಿಸಿಕೊಟ್ಟವು.

ಫಿನ್ಲೆಂಡಿನ ಬೆಸ್ತ ಲೌರಿ ರಪಾಲಾ ಮೀನನ್ನು ಇನ್ನಷ್ಟು ಹತ್ತಿರದಿಂದ ನೋಡಿದವನು. ಬೇಟೆಮೀನು ಗುಂಪಿನ ಎಲ್ಲ ಮರಿಗಳನ್ನೂ ಬಿಟ್ಟು ಓಲಾಡುತ್ತಾ ಈಜುವ ಒಂದನ್ನೇ ಹಿಡಿಯುವುದನ್ನು ಅವನು ಗಮನಿಸಿದ. 1936ರಲ್ಲಿ ಬೆಂಡಿನ ತುಂಡು ಕೆತ್ತಿ, ಅದಕ್ಕೆ ಚಾಕಲೇಟಿನ ಬೆಳ್ಳಿಹಾಳೆ ಸುತ್ತಿ, ಕರಗಿಸಿದ ಫೋಟೋ ನೆಗೆಟಿವ್‌ಗಳ ಲೇಪ ಕೊಟ್ಟು ಹಾಗೆಯೇ ಓಲಾಡುವ ಎರೆ ಮಾಡಿದ. ಮರ್ಲಿನ್ ಮನ್ರೊ ತೀರಿಕೊಂಡಾಗ ಬಂದ 1962ರ ಲೈಫ್ ಪತ್ರಿಕೆಯ ಸಂಚಿಕೆಯಲ್ಲೇ ಈ ಎರೆಯ ಬಗ್ಗೆ ಲೇಖನವೂ ಇತ್ತು. ಸಂಚಿಕೆ ಲಕ್ಷಾಂತರ ಜನರ ಕೈ ಸೇರಿದ್ದರಿಂದ ರಪಾಲಾ ಅಮೆರಿಕದಲ್ಲಿ ಮನೆಮಾತಾಯಿತು.

ಅದಕ್ಕಿಂತಲೂ ದೊಡ್ಡ ತಿರುವು ತಂದದ್ದು 1949ರಲ್ಲಿ ಓಹಿಯೋದ ಆಕ್ರನ್ ಊರಿನ ಒಂದು ಮನೆ. ನಿಕ್ ಕ್ರೀಮ್ ಮತ್ತು ಆತನ ಹೆಂಡತಿ ಕಾಸ್ಮಾ ಅಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಎರೆಹುಳು ಎರಕ ಹೊಯ್ದರು. ಅದನ್ನು ಬಳಸುವ ಟೆಕ್ಸಾಸ್ ಪದ್ಧತಿಯನ್ನು ನೋಡಬೇಕು. ಗುಂಡು ಆಕಾರದ ಸಣ್ಣ ತೂಕವನ್ನು ಮೊದಲು ದಾರಕ್ಕೆ ಪೋಣಿಸುತ್ತಾರೆ. ಆಮೇಲೆ ಗಾಳದ ಮೊನೆಯನ್ನು ಹುಳುವಿನ ತಲೆಗೆ ಚುಚ್ಚಿ ಸ್ವಲ್ಪ ಕೆಳಗೆ ಹೊರತೆಗೆದು, ಗಾಳವನ್ನು ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಮೈಯೊಳಗೇ ಹುದುಗಿಸುತ್ತಾರೆ. ಮೊನೆ ಹೊರಗೆ ಕಾಣದ ಕಾರಣ ಹುಳು ಜೊಂಡಿನ ನಡುವೆ, ಮರದ ಕೊಂಬೆಗಳ ನಡುವೆ ಎಲ್ಲೂ ಸಿಕ್ಕಿಕೊಳ್ಳದೆ ಇಳಿಯುತ್ತದೆ. ಮೀನು ಕಚ್ಚಿದಾಗ ಕೋಲನ್ನು ಜೋರಾಗಿ ಎಳೆದರೆ ಮೊನೆ ಪ್ಲಾಸ್ಟಿಕ್ಕನ್ನು ಸೀಳಿ ಮೀನಿನ ದವಡೆಗೆ ನಾಟುತ್ತದೆ. ಅಲ್ಲಿಯವರೆಗೆ ಗಾಳ ಹಾಕಲಾಗದ ಜಾಗಗಳೆಲ್ಲ ಇದರಿಂದ ತೆರೆದುಕೊಂಡವು. ಆದರೆ ಆ ಜೋರು ಎಳೆತಕ್ಕೆ ಬಿರುಸಾದ ಕೋಲು, ಹಿಗ್ಗದ ದಾರ ಬೇಕಾಯಿತು.

ದಾರದ ಗುಣ

ಒಂದು ಕಾಲದಲ್ಲಿ ದಾರವೆಂದರೆ ರೇಷ್ಮೆ ಅಥವಾ ನಾರಿನ ದಾರ. ಬಳಸಿದ ಮೇಲೆ ಬಿಚ್ಚಿ ಒಣಗಿಸದಿದ್ದರೆ ಕೊಳೆತುಹೋಗುತ್ತಿತ್ತು. ಡುಪಾಂಟ್ ಕಂಪನಿ 1938ರಲ್ಲಿ ನೈಲಾನ್ ಪ್ರಕಟಿಸಿದ ಮೇಲೆ ಆ ಕಷ್ಟ ತಪ್ಪಿತು. 1950ರ ದಶಕ ಮುಗಿಯುವ ಹೊತ್ತಿಗೆ ಒಂಟಿ ಎಳೆಯ ನೈಲಾನ್ ದಾರವೇ ಎಲ್ಲೆಡೆ. 1970ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಫ್ಲೂರೋಕಾರ್ಬನ್ ದಾರ, 1990ರ ದಶಕದಲ್ಲಿ ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ದಾರ ಬಂದವು.

ಮೂರೂ ಇಂದು ಬಳಕೆಯಲ್ಲಿವೆ, ಯಾಕೆಂದರೆ ಒಂದರ ಕೆಲಸ ಇನ್ನೊಂದಕ್ಕೆ ಬರುವುದಿಲ್ಲ. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ನೈಲಾನಿನದು ಸುಮಾರು 1.14, ಫ್ಲೂರೋಕಾರ್ಬನ್ನಿನದು 1.78, ಹೆಣೆದ ದಾರದ್ದು 0.97. ಅಂದರೆ ಹೆಣೆದ ದಾರ ತೇಲುತ್ತದೆ, ನೈಲಾನ್ ನಿಧಾನವಾಗಿ ಮುಳುಗುತ್ತದೆ, ಫ್ಲೂರೋಕಾರ್ಬನ್ ಬೇಗ ತಳ ಸೇರುತ್ತದೆ. ನೀರ ಮೇಲೆ ಆಡುವ ಎರೆಗೆ ಫ್ಲೂರೋಕಾರ್ಬನ್ ಕಟ್ಟಿದರೆ ಅದು ಎರೆಯ ಮೂತಿಯನ್ನೇ ಕೆಳಗೆಳೆಯುತ್ತದೆ. ಬೆಳಕನ್ನು ಬಾಗಿಸುವ ಗುಣದಲ್ಲಿ ಫ್ಲೂರೋಕಾರ್ಬನ್ ನೈಲಾನಿಗಿಂತ ನೀರಿಗೆ ಹತ್ತಿರವಾದ್ದರಿಂದ ತಿಳಿನೀರಿನಲ್ಲಿ ಅದು ಅಷ್ಟಾಗಿ ಕಾಣದು. ನೈಲಾನ್ ಚೆನ್ನಾಗಿ ಹಿಗ್ಗುತ್ತದೆ, ಹೆಣೆದ ದಾರ ಹಿಗ್ಗುವುದೇ ಇಲ್ಲವೆನ್ನಬಹುದು. ದಟ್ಟ ಜೊಂಡಿನಿಂದ ಮೀನನ್ನು ಎಳೆದು ತೆಗೆಯಲು ಹೆಣೆದ ದಾರಕ್ಕೆ ಸಾಟಿಯಿಲ್ಲ.

ಬಿದಿರಿನಿಂದ ಕಾರ್ಬನ್‌ವರೆಗೆ

ಸೀಳಿದ ಬಿದಿರಿನ ಪಟ್ಟಿಗಳನ್ನು ಅಂಟಿಸಿ ಕೋಲು ಮಾಡುವ ವಿದ್ಯೆಯನ್ನು ಅಮೆರಿಕದಲ್ಲಿ ಬೆಳೆಸಿದವರು ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಫಿಲಿಪ್ ಮತ್ತು ಮೇನ್‌ನ ಹೈರಮ್ ಲಿಯೊನಾರ್ಡ್. ಆಮೇಲಿನ ಕುಶಲಕರ್ಮಿಗಳು ನೆಚ್ಚಿಕೊಂಡದ್ದು ದಕ್ಷಿಣ ಚೀನಾದ ಬಿದಿರನ್ನು. ಕೊರಿಯಾ ಯುದ್ಧದ ಕಾಲದಲ್ಲಿ ಚೀನಾದೊಡನೆ ವ್ಯಾಪಾರ ನಿಂತಾಗ ಆ ಬಿದಿರು ಬರುವುದೂ ನಿಂತಿತು. ಆ ಹೊತ್ತಿಗಾಗಲೇ ಶೇಕ್ಸ್‌ಪಿಯರ್ ಕಂಪನಿ ಗಾಜಿನ ನಾರಿನ ಕೋಲುಗಳನ್ನು ತಯಾರಿಸುತ್ತಿತ್ತು. ಅವು ಅಗ್ಗ, ಗಟ್ಟಿ, ನೀರಿಗೆ ಹಾಳಾಗದವು. 1960ರ ದಶಕದಲ್ಲಿ ಬ್ರಿಟನ್ನಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದಲ್ಲಿ ಪಳಗಿದ ಕಾರ್ಬನ್ ನಾರು, 1970ರ ದಶಕದ ಮೊದಲ ಭಾಗದಲ್ಲಿ ಫೆನ್ವಿಕ್ ಕಂಪನಿಯ ಕೋಲುಗಳಾಗಿ ಗಾಳಗಾರರ ಕೈಗೆ ಬಂತು. ತೂಕ ಇಳಿಯಿತು, ತಳದಲ್ಲಿ ಮೀನು ಎರೆಯನ್ನು ಮೆಲ್ಲಗೆ ಮುಟ್ಟಿದರೂ ಅಂಗೈಗೆ ತಿಳಿಯತೊಡಗಿತು.

ಹಾಗೆಂದು ಗಾಜಿನ ಕೋಲು ಮೂಲೆ ಸೇರಲಿಲ್ಲ. ಮರಿಮೀನಿನಂತೆ ಓಲಾಡುವ ಕ್ರ್ಯಾಂಕ್‌ಬೇಟ್ ಎರೆಗಳಿಗೆ ಸಣ್ಣ ಮೂರು ಮೊನೆಯ ಗಾಳಗಳಿರುತ್ತವೆ. ಬಿರುಸಾದ ಕೋಲಿನಿಂದ ಎಳೆದರೆ ಅವು ಮೀನಿನ ಬಾಯಿಂದ ಕಿತ್ತುಬರುತ್ತವೆ. ನಿಧಾನವಾಗಿ, ಮಧ್ಯದವರೆಗೂ ಬಾಗುವ ಗಾಜಿನ ಕೋಲು ಆ ಎಳೆತವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಈ ಎರೆಗೆ ಗಾಜು, ಅಥವಾ ಗಾಜು ಮತ್ತು ಕಾರ್ಬನ್ ಬೆರೆತ ಕೋಲನ್ನು ಇಂದಿಗೂ ಪರಿಣತರು ಆರಿಸಿಕೊಳ್ಳುತ್ತಾರೆ.

ಹಿನ್ನೀರು, ಪಂದ್ಯ, ಸೋನಾರ್

1933ರಲ್ಲಿ ಸ್ಥಾಪನೆಯಾದ ಟೆನೆಸೀ ಕಣಿವೆ ಪ್ರಾಧಿಕಾರದ ಅಣೆಕಟ್ಟುಗಳು, ಆಮೇಲೆ ದಕ್ಷಿಣ ರಾಜ್ಯಗಳಲ್ಲಿ ಎದ್ದ ಇನ್ನೂ ಅನೇಕ ಅಣೆಕಟ್ಟುಗಳು ಬಾಸ್ ಮೀನಿಗೆ ಹೊಸ ನೆಲೆ ಒದಗಿಸಿದವು. ಕಾಡು ಮುಳುಗಿದ ಹಿನ್ನೀರು ಲಾರ್ಜ್‌ಮೌತ್‌ಗೆ ಹೇಳಿಮಾಡಿಸಿದ ಜಾಗ. ಇದೇ ನೀರಿನಲ್ಲಿ ಅಲಬಾಮಾದ ವಿಮಾ ಏಜೆಂಟ್ ರೇ ಸ್ಕಾಟ್ 1967ರಲ್ಲಿ ಅರ್ಕನ್ಸಾಸ್‌ನ ಬೀವರ್ ಲೇಕಿನಲ್ಲಿ ದೊಡ್ಡ ಪಂದ್ಯ ನಡೆಸಿದ. ಮರುವರ್ಷ ಬಾಸ್ ಗಾಳಗಾರರ ಸಂಘ ಕಟ್ಟಿದ. 1971ರಲ್ಲಿ ನೆವಾಡಾದ ಲೇಕ್ ಮೀಡ್‌ನಲ್ಲಿ ನಡೆದ ಮೊದಲ ಬಾಸ್‌ಮಾಸ್ಟರ್ ಕ್ಲಾಸಿಕ್‌ನಲ್ಲಿ 10,000 ಡಾಲರ್ ಗೆದ್ದವನು ಬಾಬಿ ಮರ್ರಿ. 1972ರಿಂದ ಸ್ಕಾಟ್ ಹಿಡಿದ ಮೀನನ್ನು ಜೀವಂತ ಬಿಟ್ಟುಬಿಡುವಂತೆ ಪ್ರಚಾರ ಮಾಡಿದ. ಬಾಸ್ ಗಾಳಕ್ಕೆ ಸಿಕ್ಕ ಅತಿ ದೊಡ್ಡ ಕೊಡುಗೆ ಯಾವ ಕೋಲೂ ಅಲ್ಲ, ರೀಲೂ ಅಲ್ಲ, ಈ ರೂಢಿಯೇ ಎನ್ನುವುದು ನನ್ನ ನಂಬಿಕೆ.

ಪಂದ್ಯಗಳು ಸಲಕರಣೆಯನ್ನು ವೇಗವಾಗಿ ಬದಲಿಸಿದವು. ಕ್ಯಾಲಿಫೋರ್ನಿಯಾದ ಡೀ ಥಾಮಸ್ 1975ರಲ್ಲಿ, ಗಿಡ್ಡ ದಾರದಲ್ಲಿ ಎರೆಯನ್ನು ಸದ್ದಿಲ್ಲದೆ ಪೊದೆಯೊಳಗೆ ತೂರಿಸುವ ಫ್ಲಿಪ್ಪಿಂಗ್ ವಿಧಾನದಿಂದ ಗೆದ್ದ. ಅದಕ್ಕೆಂದೇ ಉದ್ದನೆಯ ಬಲವಾದ ಕೋಲುಗಳು ಮಾರುಕಟ್ಟೆಗೆ ಬಂದವು. ಜಪಾನಿಗೆ 1925ರಲ್ಲಿ ಒಯ್ದು ಆಶಿ ಸರೋವರಕ್ಕೆ ಬಿಟ್ಟ ಬಾಸ್ ಅಲ್ಲಿ ನಾಟಿ ಮೀನುಗಳಿಗೆ ಪಿಡುಗಾಯಿತು. ಆದರೆ ಗಾಳ ಹೆಚ್ಚು ಬೀಳುವ ಅಲ್ಲಿನ ನೀರಿನಿಂದಲೇ ತೆಳು ದಾರ, ಸಣ್ಣ ಎರೆಗಳ ಸೂಕ್ಷ್ಮ ವಿಧಾನಗಳು ಅಮೆರಿಕಕ್ಕೆ ಮರಳಿದವು.

1950ರ ದಶಕದ ಕೊನೆಯಲ್ಲಿ ಕಾರ್ಲ್ ಲೋರೆನ್ಸ್ ತಂದ ಹಸಿರು ಪೆಟ್ಟಿಗೆಯ ಸೋನಾರ್ ದೋಣಿಯ ಕೆಳಗಿನ ತಳವನ್ನು ತೋರಿಸಿತು. 2018ರಲ್ಲಿ ಬಂದ ಗಾರ್ಮಿನ್ ಲೈವ್‌ಸ್ಕೋಪ್ ಮುಂದಿರುವ ಮೀನನ್ನೂ ಅದರತ್ತ ಸಾಗುವ ಎರೆಯನ್ನೂ ಪರದೆಯ ಮೇಲೆ ಆ ಕ್ಷಣದಲ್ಲೇ ತೋರಿಸುತ್ತದೆ. ಇದು ಗಾಳವೋ ಪರದೆಯಾಟವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಪಂದ್ಯ ನಡೆಸುವವರು ಇದಕ್ಕೆ ಮಿತಿ ಹಾಕತೊಡಗಿದ್ದಾರೆ. ಒಂದು ಮಾತು ನೆನಪಿರಲಿ: 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರ್ರಿ ಮರದ ಎರೆಯಿಂದ ಹಿಡಿದ 22 ಪೌಂಡ್ 4 ಔನ್ಸಿನ ಬಾಸ್‌ನ ದಾಖಲೆಯನ್ನು 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಸರಿಗಟ್ಟಿದ್ದು ಜೀವಂತ ಎರೆಯಿಂದ.

ಏನನ್ನು ಆರಿಸಬೇಕು?

ನಮ್ಮ ಕಡೆಯ ನೀರಿಗೂ ಗಾಳದ ಹಳೆಯ ಬರವಣಿಗೆಯಿದೆ. ಇಂಗ್ಲಿಷ್ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್ ಬರೆದ ಭಾರತದ ಗಾಳದ ಪುಸ್ತಕ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲೇ. ಅದರ ನಾಯಕ ಮಹಶೀರ್. ಕಾವೇರಿಯ ಡುಬ್ಬದ ಮಹಶೀರ್ ಇಂದು ಅಳಿವಿನಂಚಿನಲ್ಲಿದೆ. ಆದ್ದರಿಂದ ಬಾಸ್ ಅಮೆರಿಕದಲ್ಲೇ ಇರಲಿ, ಅದನ್ನು ನಮ್ಮ ಕೆರೆಗಳಿಗೆ ತರುವ ಯೋಚನೆ ಯಾರಿಗೂ ಬರದಿರಲಿ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಮಾತ್ರ ಆಯಾ ರಾಜ್ಯದ ಪರವಾನಗಿ ಪಡೆದು ನಿಶ್ಚಿಂತೆಯಿಂದ ಈ ಹವ್ಯಾಸಕ್ಕಿಳಿಯಬಹುದು.

ಆಯ್ಕೆಯ ಕ್ರಮ ಹೀಗಿರಲಿ: ಮೊದಲು ನೀರು, ಆಮೇಲೆ ಎರೆ, ನಂತರ ದಾರ, ಅದಕ್ಕೆ ಹೊಂದುವ ಕೋಲು, ಕೊನೆಗೆ ರೀಲು. ಮೊದಲ ಜೊತೆಗೆ ಆರೂವರೆಯಿಂದ ಏಳು ಅಡಿಯ, ಮಧ್ಯಮ ಬಲದ, ತುದಿ ಬೇಗ ಬಾಗುವ ಕೋಲು, 2500 ಅಳತೆಯ ಸ್ಪಿನ್ನಿಂಗ್ ರೀಲು, 8ರಿಂದ 10 ಪೌಂಡಿನ ನೈಲಾನ್ ದಾರ, ಐದಿಂಚಿನ ಮೆತ್ತನೆಯ ಪ್ಲಾಸ್ಟಿಕ್ ಹುಳು ಸಾಕು. ಕೈ ಪಳಗಿದ ಮೇಲೆ ಏಳಡಿಯ ಹೆಚ್ಚು ಬಲದ ಕೋಲು, ಉರುಳೆ ತಿರುಗುವ ರೀಲು, 12ರಿಂದ 15 ಪೌಂಡಿನ ಫ್ಲೂರೋಕಾರ್ಬನ್ ತೆಗೆದುಕೊಂಡು ಟೆಕ್ಸಾಸ್ ಪದ್ಧತಿ ಕಲಿಯಬಹುದು. ಜೊಂಡಿನ ಮೇಲೆ ಕಪ್ಪೆ ಎರೆ ಆಡಿಸುವುದಾದರೆ 50 ಪೌಂಡಿಗಿಂತ ಕಡಿಮೆಯಿಲ್ಲದ ಹೆಣೆದ ದಾರ ಬೇಕು. ಕೋಲಿನ ಮೇಲೆ ಬರೆದಿರುವ ಎರೆಯ ತೂಕದ ಮಿತಿಯನ್ನು ಓದದೆ ಕೊಳ್ಳಬೇಡಿ. ಸೀಸದ ತೂಕ ನುಂಗಿ ನೀರುಹಕ್ಕಿಗಳು ಸಾಯುತ್ತವೆ. ಬೆಲೆ ಹೆಚ್ಚಾದರೂ ಟಂಗ್‌ಸ್ಟನ್ ತೂಕವನ್ನೇ ಕೊಳ್ಳಿ. ರೀಲಿಗೆಂದು ಎತ್ತಿಟ್ಟ ಹಣದಲ್ಲಿ ಸ್ವಲ್ಪ ಉಳಿಸಿ ಪ್ರತಿ ವರ್ಷ ದಾರ ಬದಲಿಸಿ. ಹಳೆಯ ದಾರ ಸುತ್ತಿದ ದುಬಾರಿ ರೀಲಿಗಿಂತ ಹೊಸ ದಾರ ಸುತ್ತಿದ ಸಾಧಾರಣ ರೀಲೇ ಮೇಲು.