ಬೆಕ್ಕಿನ ಇನ್ಸುಲಿನ್ ಪ್ರಮಾಣ: ಅಳತೆಯೊಂದರ ಚರಿತ್ರೆ

1921ರಲ್ಲಿ ಟೊರೊಂಟೊದ ಬ್ಯಾಂಟಿಂಗ್ ಮತ್ತು ಬೆಸ್ಟ್ ಮಧುಮೇಹದ ಔಷಧವಾದ ಇನ್ಸುಲಿನ್ನನ್ನು ನಾಯಿಗಳ ಮೇಲೆ ಪ್ರಯೋಗಿಸಿದರು. ಅದರ ಶಕ್ತಿಯನ್ನು ಅಳೆಯಲು ಬಳಸಿದ್ದು ಮಾತ್ರ ಮೊಲವನ್ನು. ಒಂದು ದಿನ ಉಪವಾಸವಿದ್ದ ಎರಡು ಕಿಲೋ ಮೊಲಕ್ಕೆ ರಕ್ತದ ಸಕ್ಕರೆ ಕುಸಿದು ಸೆಳೆತ ಬರಲು ಎಷ್ಟು ಬೇಕೋ ಅಷ್ಟು ಔಷಧ ಒಂದು ಯೂನಿಟ್ ಎನಿಸಿತು. ಮುಂದೆ ಅದರ ಮೂರನೇ ಒಂದು ಭಾಗಕ್ಕೆ ಆ ಹೆಸರು ನಿಂತಿತು. ನಾಲ್ಕು ಕಿಲೋ ಬೆಕ್ಕಿಗೆ ಅರ್ಧ ಯೂನಿಟ್ಟಿನ ವ್ಯತ್ಯಾಸವೂ ಯಾಕೆ ದೊಡ್ಡದು ಎಂಬುದು ಇಲ್ಲಿಂದಲೇ ತಿಳಿಯುತ್ತದೆ.

1955ರ ಹೊತ್ತಿಗೆ ವಿಜ್ಞಾನಿ ಸ್ಯಾಂಗರ್ ದನದ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿಟ್ಟಿದ್ದರು. ಬೆಕ್ಕಿನದಕ್ಕೂ ಅದಕ್ಕೂ ಒಂದೇ ಅಮೈನೋ ಆಮ್ಲದ ಅಂತರ, ಬೆಕ್ಕಿನದಕ್ಕೂ ಮನುಷ್ಯರದಕ್ಕೂ ನಾಲ್ಕರ ಅಂತರ. ಆದರೂ ಪ್ರಮಾಣದ ತೊಡಕಿಗೆ ಮುಖ್ಯ ಕಾರಣ ಈ ಅಂತರವಲ್ಲ, ಔಷಧ ದೇಹದಲ್ಲಿ ನಿಲ್ಲುವ ಹೊತ್ತು. 1946ರ ಎನ್‌ಪಿಎಚ್ ಇನ್ಸುಲಿನ್ ಬೆಕ್ಕಿನಲ್ಲಿ ಬೇಗ ಮುಗಿದುಹೋಗುತ್ತದೆ. ಮುಂದಿನ ಸೂಜಿಯ ಹೊತ್ತಿಗೆ ಸಕ್ಕರೆ ಏರಿರುತ್ತದೆ. ಅದನ್ನಷ್ಟೇ ನೋಡಿ ಪ್ರಮಾಣ ಹೆಚ್ಚಿಸಿದರೆ ನಡುವಿನ ಗಂಟೆಗಳಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಆಸ್ಪತ್ರೆಯ ಪರೀಕ್ಷೆಯೂ ದಾರಿ ತಪ್ಪಿಸಬಲ್ಲದು. ಬೆಕ್ಕು ಹೆದರಿದರೆ ಸಾಕು, ಸಕ್ಕರೆ ಮೇಲೇರುತ್ತದೆ. ಅದಕ್ಕಾಗಿಯೇ 2000ದಲ್ಲಿ ಜೂರಿಕ್‌ನ ವೆಸ್ ಮತ್ತು ರಾಯ್ಶ್ ಕಿವಿಯಂಚಿನ ಹನಿ ರಕ್ತವನ್ನು ಕೈಯಲ್ಲಿ ಹಿಡಿಯುವ ಮೀಟರಿನಲ್ಲಿ ನೋಡುವ ಕ್ರಮವನ್ನು ಪರೀಕ್ಷಿಸಿದ್ದು ಈ ಚರಿತ್ರೆಯ ನಿಜವಾದ ತಿರುವು ಎಂಬುದು ನನ್ನ ಅಭಿಪ್ರಾಯ. 2009ರಲ್ಲಿ ರೂಂಪ್ ಮತ್ತು ರ್ಯಾಂಡ್ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯವರೇ ದಿನವೂ ಸಕ್ಕರೆ ನೋಡಿ ಗ್ಲಾರ್ಜಿನ್ ಎಂಬ ಇನ್ಸುಲಿನ್ನಿನ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಬದಲಿಸಿದರು. 55 ಬೆಕ್ಕುಗಳಲ್ಲಿ 35ಕ್ಕೆ ಇನ್ಸುಲಿನ್ನೇ ಬೇಡವಾಯಿತು. ರೋಗ ಪತ್ತೆಯಾದ ಆರು ತಿಂಗಳೊಳಗೆ ಈ ಕ್ರಮ ಹಿಡಿದವುಗಳಲ್ಲಿ ಈ ಪಾಲು ಶೇ. 84.

ಈಗಿನ ರೂಢಿಯಲ್ಲಿ ಬೆಕ್ಕೊಂದಕ್ಕೆ ಹನ್ನೆರಡು ಗಂಟೆಗೊಮ್ಮೆ ಸುಮಾರು ಒಂದು ಯೂನಿಟ್‌ನಿಂದ ಆರಂಭ. ಏರಿಸುವುದು, ಇಳಿಸುವುದು ಪಶುವೈದ್ಯರ ಮಾತಿನ ಮೇಲೆ.

ಮುಂಡಗೋಡ ತಾಲೂಕಿನ ಪಾಳಾದಂಥ ಊರಿಗೆ ಈ ಚರಿತ್ರೆ ಎರಡು ಕಡೆ ನೇರವಾಗಿ ತಾಗುತ್ತದೆ. ಮೊದಲನೆಯದು ಹಾಲನ್ನ. ಅನ್ನ ತಿನ್ನುವ ಬೆಕ್ಕಿಗೆ ಇನ್ಸುಲಿನ್ ಹೆಚ್ಚು ಬೇಕಾಗಬಹುದು. ಮೀನು, ಮಾಂಸಕ್ಕೆ ಬದಲಿಸಿದ ಮೇಲೆ ಹಳೆಯ ಪ್ರಮಾಣವನ್ನೇ ಕೊಟ್ಟರೆ ಸಕ್ಕರೆ ಕುಸಿಯಬಹುದು. ಆದ್ದರಿಂದ ಆಹಾರ ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು.

ಎರಡನೆಯದು ಇನ್ನೂ ಗಂಭೀರ. ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಇನ್ಸುಜೆನ್ ಎಂಬ ಇನ್ಸುಲಿನ್ನನ್ನೂ 2009ರಲ್ಲಿ ಗ್ಲಾರ್ಜಿನ್ ಆದ ಬೇಸಲಾಗನ್ನೂ ತಂದ ಮೇಲೆ ಔಷಧ ನಮ್ಮ ರಾಜ್ಯದಲ್ಲೇ ತಯಾರಾಗುತ್ತಿದೆ. ಆದರೆ ನಮ್ಮ ಔಷಧಿ ಅಂಗಡಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಬಾಟಲಿಯೂ ಇದೆ, 100 ಯೂನಿಟ್ಟಿನದೂ ಇದೆ; ಸಿರಿಂಜುಗಳೂ ಬೇರೆ ಬೇರೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎರಡರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಐದು ಯೂನಿಟ್. 40ರ ಔಷಧವನ್ನು 100ರ ಸಿರಿಂಜಿನಲ್ಲಿ ಎಳೆದರೆ ಅದೇ ಗೆರೆಗೆ ಸಿಗುವುದು 0.8 ಯೂನಿಟ್. ಮೊದಲನೆಯ ತಪ್ಪು ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಬೆಕ್ಕು ತೂರಾಡಿದರೆ, ಸೆಳೆತ ಬಂದರೆ ವಸಡಿಗೆ ಜೇನುತುಪ್ಪ ಸವರಿ ತಕ್ಷಣ ಪಶುವೈದ್ಯರಲ್ಲಿಗೆ ಒಯ್ಯಿರಿ. ಅಂಗಡಿಯಿಂದ ಹೊರಡುವ ಮೊದಲು ಬಾಟಲಿಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಇವೆಯೇ ಎಂದು ದಯವಿಟ್ಟು ಓದಿ ನೋಡಿ.