ಮಲೆನಾಡಿನ ಮುಳುಗಡೆ, ಕಡಲಂಚಿನ ಮುಳುಗಡೆ

ಸಾಗರ, ಹೊಸನಗರದ ಕಡೆ ‘ಮುಳುಗಡೆ’ ಎಂಬ ಮಾತಿಗೆ ಅರ್ಥ ಹೇಳಬೇಕಿಲ್ಲ. ‘ನಾವು ಮುಳುಗಡೆಯವರು’ ಎಂದರೆ ಸಾಕು. ಮನೆ, ತೋಟ, ಊರ ದೇವರ ಗುಡಿ ಎಲ್ಲವನ್ನೂ ನೀರಿಗೆ ಬಿಟ್ಟು ಬಂದವರು ಎಂದು ಕೇಳಿದವರಿಗೆ ತಿಳಿಯುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ, ಬೇಸಿಗೆಯ ಕೊನೆಗೆ ಲಿಂಗನಮಕ್ಕಿಯ ಹಿನ್ನೀರು ಇಳಿದಾಗ, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ತಲೆ ಎತ್ತುತ್ತದೆ. ಒಂದು ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ಮುಳುಗಿಸಿದ ಅಪರೂಪದ ದೃಶ್ಯ ಅದು.

ಈಗ ಅದೇ ಮಾತು ಘಟ್ಟ ಇಳಿದು ಕಡಲಂಚಿಗೆ ಬಂದಿದೆ. ಭೂಮಿ ಬಿಸಿಯಾಗುತ್ತಿದೆ, ಸಮುದ್ರದ ಮಟ್ಟ ಏರುತ್ತಿದೆ, ತಗ್ಗಿನ ಕರಾವಳಿ ಅಪಾಯದಲ್ಲಿದೆ ಎಂಬ ಎಚ್ಚರಿಕೆ ಕೇಳಿಬರುತ್ತಿದೆ. ನಗರ ಸೀಮೆಯವರಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಹಳೆಯದು. ಅದು ನದಿಗಳ ಮೂಲಕ ಬಂದದ್ದು.

ನದಿಯೇ ದಾರಿಯಾಗಿದ್ದ ಕಾಲ

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ, ಸಾಗರ ಸೀಮೆಗಳನ್ನು ಹಾದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ವಾರಾಹಿ, ಚಕ್ರಾ ನದಿಗಳೂ ಇದೇ ಘಟ್ಟದ ಮಳೆಕಾಡಿನವು; ಅವು ಇಳಿಯುವುದು ಗಂಗೊಳ್ಳಿಯ ಅಳಿವೆಗೆ.

ಕೆಳದಿ ಅರಸರಿಗೆ ಈ ಅಳಿವೆಗಳು ಹೊರಪ್ರಪಂಚದ ಬಾಗಿಲುಗಳಾಗಿದ್ದವು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಆತ ಬಂದದ್ದು ದೋಣಿಯಲ್ಲಿ. ಅಲ್ಲಿಂದ ಮುಂದೆ ಘಟ್ಟ ಹತ್ತಿದ. ನದಿಯ ಚೆಲುವನ್ನು ಮನಸಾರೆ ಹೊಗಳಿದ ಆತ, ಮೆಣಸಿನ ರಾಣಿಯ ಗೇರುಸೊಪ್ಪೆ ಆಗಲೇ ಹಾಳುಬಿದ್ದು ಕಾಡು ಬೆಳೆದಿದ್ದುದನ್ನೂ ಬರೆದಿಟ್ಟಿದ್ದಾನೆ.

ಮುಂದೆ ರಾಜಧಾನಿ ಬಿದನೂರಿಗೆ ಬಂತು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರ ಎಂದು ಕರೆದ. ಇಂದಿನ ‘ನಗರ’ ಎಂಬ ಹೆಸರು ಉಳಿದದ್ದು ಹಾಗೆ. ಅದಕ್ಕೂ ಒಂದು ಶತಮಾನ ಮೊದಲೇ, 1650ರ ದಶಕದಲ್ಲಿ, ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿಯ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡಿದ್ದ. ಘಟ್ಟದ ಮೆಣಸು, ಕೆಳಗಿನ ಅಕ್ಕಿ ಹಡಗು ಹತ್ತುತ್ತಿದ್ದುದು ಇಂಥ ಬಂದರುಗಳಲ್ಲಿ. ಗಮನಿಸಬೇಕಾದ ಮಾತೆಂದರೆ, ಬಸರೂರು ಕಡಲದಂಡೆಯ ಊರಲ್ಲ. ಕೆಲವು ಕಿಲೋಮೀಟರ್ ಒಳಗೆ, ವಾರಾಹಿಯ ದಂಡೆಯಲ್ಲಿದೆ. ಉಬ್ಬರದ ಉಪ್ಪುನೀರು ಒಳಗೆ ಬರುವುದು, ಇಳಿತಕ್ಕೆ ಹಿಂದೆ ಸರಿಯುವುದು, ಮಳೆಗಾಲದಲ್ಲಿ ಘಟ್ಟದ ನೀರು ಅದನ್ನು ಹೊರಕ್ಕೆ ದಬ್ಬುವುದು: ಈ ಲಯದ ಮೇಲೆ ಬಂದರು, ಬೇಸಾಯ, ಮೀನುಗಾರಿಕೆ ಎಲ್ಲವೂ ನಿಂತಿದ್ದವು.

ಮೇಲೆ ಕಟ್ಟಿದ್ದು, ಕೆಳಗೆ ಕಂಡದ್ದು

ಇಪ್ಪತ್ತನೇ ಶತಮಾನ ಈ ಲಯಕ್ಕೆ ಕೈಹಾಕಿತು. 1948ರಲ್ಲಿ ಹಿರೇಭಾಸ್ಕರ, 1964ರಲ್ಲಿ ಲಿಂಗನಮಕ್ಕಿ ಸಿದ್ಧವಾದವು. ಬಳಿಕ ಹೊಸನಗರ ತಾಲ್ಲೂಕಿನಲ್ಲಿ ಚಕ್ರಾ, ಸಾವೇಹಕ್ಲು ಅಣೆಕಟ್ಟುಗಳು ಎದ್ದವು. ಅವುಗಳ ನೀರನ್ನು ಕಾಲುವೆಯಲ್ಲಿ ಲಿಂಗನಮಕ್ಕಿಗೆ ತಿರುಗಿಸಲಾಯಿತು. ಅಂದರೆ ಗಂಗೊಳ್ಳಿಗೆ ಹೋಗಬೇಕಾಗಿದ್ದ ನೀರಿನ ಒಂದು ಪಾಲು ಈಗ ವಿದ್ಯುದಾಗಾರದ ಚಕ್ರ ತಿರುಗಿಸಿ ಹೊನ್ನಾವರಕ್ಕೆ ಹೋಗುತ್ತದೆ! ಮಾಣಿ ಅಣೆಕಟ್ಟಿನ ನೀರಿನಿಂದ ವಾರಾಹಿ ವಿದ್ಯುದಾಗಾರವೂ ನಡೆಯತೊಡಗಿತು. ನಾಡಿಗೆ ಬೆಳಕು ಬಂತು, ಕಾರ್ಖಾನೆಗಳು ಬಂದವು. ಅದರ ಬೆಲೆಯನ್ನು ಮಲೆನಾಡಿನವರು ತೆತ್ತದ್ದು ಎಲ್ಲರಿಗೂ ಗೊತ್ತು. ಸಾಗರದ ಕಾದಂಬರಿಕಾರ, 2025ರ ಜನವರಿಯಲ್ಲಿ ನಿಧನರಾದ ನಾ. ಡಿಸೋಜ ಅವರು ಈ ನೋವನ್ನೇ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಚಲನಚಿತ್ರವಾಗಿಸಿದರು.

ಅಷ್ಟಾಗಿ ಗೊತ್ತಿಲ್ಲದ ಸಂಗತಿ, ಕೆಳಗಿನವರೂ ಬೆಲೆ ತೆತ್ತದ್ದು. ಮೊದಲು ಬೇಸಿಗೆಯಲ್ಲಿ ಶರಾವತಿಯ ಹರಿವು ಸೊರಗಿ ಉಪ್ಪುನೀರು ಅಳಿವೆಯಲ್ಲಿ ಬಹುದೂರ ಒಳಬರುತ್ತಿತ್ತು. ವಿದ್ಯುದಾಗಾರ ನಡೆಯತೊಡಗಿದ ಮೇಲೆ ವರ್ಷವಿಡೀ ಸಿಹಿನೀರು ಹರಿದು ಅಳಿವೆಯ ಉಪ್ಪು ಕಡಿಮೆಯಾಯಿತು. ಉಪ್ಪು ಕಡಿಮೆಯಾದರೆ ಒಳ್ಳೆಯದಲ್ಲವೇ ಎನ್ನಿಸಬಹುದು. ಆದರೆ ಅಳಿವೆಯ ಜೀವಿಗಳಿಗೆ ಬೇಕಾದದ್ದು ಸಿಹಿ ಉಪ್ಪುಗಳ ಹದವಾದ ಬೆರಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶರಾವತಿಯ ಅಳಿವೆಯನ್ನು ನೆರೆಯ ಅಘನಾಶಿನಿಯ ಅಳಿವೆಗೆ ಹೋಲಿಸಿ ನೋಡಿದ್ದಾರೆ. ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬಳಚು, ಮೀನು, ಕಾಂಡ್ಲಾ ಗಿಡಗಳು ಸಮೃದ್ಧವಾಗಿದ್ದರೆ, ಶರಾವತಿಯಲ್ಲಿ ಬಳಚಿನ ಸಂಪತ್ತು ಸೊರಗಿಹೋಗಿದೆ. ಮೀನಿನ ಬಗೆಗಳೂ ಕಡಿಮೆ. ಅಘನಾಶಿನಿಯ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣದ ಮನ್ನಣೆಯೂ ದೊರೆಯಿತು.

ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಕಡಲದಂಡೆಯ ಮರಳಿನ, ಅಳಿವೆಯ ಕೆಸರಿನ ಒಂದು ಪಾಲು ನದಿ ಹೊತ್ತು ತಂದದ್ದು. ಅಣೆಕಟ್ಟು ನೀರನ್ನಷ್ಟೇ ಅಲ್ಲ, ಹೂಳನ್ನೂ ತಡೆಯುತ್ತದೆ. ಮರಳಿನ ಸರಬರಾಜು ನಿಂತ ದಂಡೆ ಅಲೆಯ ಹೊಡೆತಕ್ಕೆ ಸುಲಭವಾಗಿ ಸೋಲುತ್ತದೆ.

ಕಡಲು ಏಕೆ ಏರುತ್ತದೆ?

ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿ ಈ ನೆಲವನ್ನು ಪಡೆದ ಎನ್ನುತ್ತದೆ ಪುರಾಣ. ಭೂವಿಜ್ಞಾನ ಹೇಳುವ ಕತೆಯಲ್ಲಿ ಕಡಲು ಮುಂದಕ್ಕೂ ಬಂದಿದೆ. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಹಿಮ ಕರಗಿದಂತೆ ಅದು ಮೇಲೇರಿ ನದಿಕಣಿವೆಗಳ ತುದಿಗಳನ್ನು ನುಂಗಿತು. ಆಮೇಲೆ ಕೆಲವು ಸಾವಿರ ವರ್ಷ ಕಡಲು ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ನಮ್ಮ ಬಂದರು, ಗದ್ದೆ, ಗುಡಿಗಳೆಲ್ಲ ಹುಟ್ಟಿದ್ದು ಈ ಬಿಡುವಿನಲ್ಲಿ.

ಆ ಬಿಡುವು ಮುಗಿಯುತ್ತಿದೆ. ಕಲ್ಲಿದ್ದಲು, ಪೆಟ್ರೋಲು ಉರಿಸಿದ ಹೊಗೆಯಿಂದ ಭೂಮಿ ಕಾಯುತ್ತಿದೆ. ಕಾದ ನೀರು ಹಿಗ್ಗುತ್ತದೆ; ಧ್ರುವಗಳ, ಪರ್ವತಗಳ ಹಿಮ ಕರಗಿ ಅದಕ್ಕೆ ಸೇರುತ್ತದೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯ 2021ರ ವರದಿಯಂತೆ 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 2006ರಿಂದ 2018ರ ನಡುವಿನ ವೇಗ ವರ್ಷಕ್ಕೆ 3.7 ಮಿಲಿಮೀಟರ್. ಹೊಗೆಯನ್ನು ತೀವ್ರವಾಗಿ ತಗ್ಗಿಸಿದರೂ ಶತಮಾನದ ಕೊನೆಗೆ ಇನ್ನೂ ಸುಮಾರು 28ರಿಂದ 55 ಸೆಂಟಿಮೀಟರ್ ಏರಿಕೆ ಸಂಭವ. ತಗ್ಗಿಸದಿದ್ದರೆ ಒಂದು ಮೀಟರ್ ಮುಟ್ಟಬಹುದು.

ಮೂರು ಮುಕ್ಕಾಲು ಮಿಲಿಮೀಟರ್ ಎಂದರೆ ಒಂದು ಅಕ್ಕಿಕಾಳಿನ ಉದ್ದವೂ ಅಲ್ಲ. ಆದರೆ ಏರಿದ ಮಟ್ಟದ ಮೇಲೆ ಹುಣ್ಣಿಮೆಯ ಉಬ್ಬರ, ಅದರ ಮೇಲೆ ಚಂಡಮಾರುತದ ಅಲೆ ಬಂದಾಗ ಲೆಕ್ಕ ಬದಲಾಗುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ನಮ್ಮ ಕರಾವಳಿ ಇದನ್ನು ಕಂಡಿದೆ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ ಇರುವ ಮರವಂತೆಯಂಥ ಕಡೆ ಅಂಗುಲಕ್ಕೂ ಬೆಲೆಯಿದೆ. ಹಾಗೆಂದು ಎಲ್ಲ ಕಡಲ್ಕೊರೆತವನ್ನೂ ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ. ಮಳೆಗಾಲದಲ್ಲಿ ಮರಳು ಕಳೆದುಕೊಳ್ಳುವುದು, ಬೇಸಿಗೆಯಲ್ಲಿ ಮರಳಿ ಪಡೆಯುವುದು ದಂಡೆಯ ಸಹಜ ಧರ್ಮ. ಮರಳುಗಣಿಗಾರಿಕೆ, ಬಂದರಿನ ತಡೆಗೋಡೆ, ಮೇಲಿನ ಅಣೆಕಟ್ಟು ಆ ಧರ್ಮವನ್ನು ಕೆಡಿಸಿವೆ. ಏರುವ ಕಡಲು ಈಗಾಗಲೇ ಬಲಗುಂದಿದ ದಂಡೆಯನ್ನು ಮುಟ್ಟುತ್ತಿದೆ.

ಕಗ್ಗದ ಗದ್ದೆ

ಉಪ್ಪುನೀರಿನೊಡನೆ ಬದುಕುವುದನ್ನು ನಮ್ಮ ಜನ ತಿಳಿಯದವರಲ್ಲ. ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮುಂಗಾರು ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ನೆರೆ ಬಂದರೂ, ಉಪ್ಪು ಸೋಕಿದರೂ ಅದು ತಾಳಿಕೊಳ್ಳುತ್ತದೆ. ಗೊಬ್ಬರ, ಔಷಧ ಕೇಳುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಒಡ್ಡು ಕಾಯುವುದು ಊರೊಟ್ಟಿನ ಕೆಲಸ. ಒಡ್ಡು ಒಡೆದರೆ ಒಬ್ಬನ ಗದ್ದೆಯಲ್ಲ, ಎಲ್ಲರ ಗದ್ದೆ ಹೋಗುತ್ತದೆ. ಕಡಲು ಏರುವ ಕಾಲಕ್ಕೆ ಇಂಥ ತಳಿಯೂ ಬೇಕು, ಇಂಥ ಒಗ್ಗಟ್ಟೂ ಬೇಕು. ದುರದೃಷ್ಟವೆಂದರೆ ಕಗ್ಗ ಬೆಳೆಯುವ ನೆಲ ಕುಗ್ಗುತ್ತ ಬಂದಿದೆ.

ನೋಟಿಸಿಲ್ಲದ ಮುಳುಗಡೆ

‘ನದಿಯ ನೀರು ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತಿದೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಾಗ ಮಲೆನಾಡು ಬೀದಿಗಿಳಿಯಿತು. ಆ ಹೊತ್ತಿನಲ್ಲಿ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಹೊನ್ನಾವರದ್ದು. ಏರುವ ಕಡಲು ಅಳಿವೆಯೊಳಗೆ ನುಗ್ಗುವಾಗ ಅದನ್ನು ಎದುರಿಸಿ ನಿಲ್ಲುವುದು ಮೇಲಿಂದ ಬರುವ ಸಿಹಿನೀರು ಮಾತ್ರ. ಅದನ್ನು ಬೇರೆಡೆಗೆ ತಿರುಗಿಸಿದರೆ ಉಪ್ಪು ಮೊದಲು ಬರುವುದು ದಂಡೆಯವರ ಬಾವಿಗೆ, ತೆಂಗಿನ ಬುಡಕ್ಕೆ.

ಲಿಂಗನಮಕ್ಕಿಯ ಮುಳುಗಡೆಗೆ ಒಂದು ಗೆರೆಯಿತ್ತು: 1819 ಅಡಿ. ಎಲ್ಲಿಯವರೆಗೆ ನೀರು, ಯಾರ ಜಮೀನು ಎಂದು ಮೊದಲೇ ಅಳೆಯಲಾಗಿತ್ತು. ನೋಟಿಸಿತ್ತು, ಅರ್ಜಿ ಕೊಡಲು ಕಚೇರಿಯಿತ್ತು. ಇಷ್ಟಿದ್ದೂ ಹಿನ್ನೀರಿನಾಚೆಯ ತುಮರಿ ಕಡೆಯ ಜನ ಒಂದು ಸೇತುವೆಗಾಗಿ 2025ರ ಜುಲೈವರೆಗೆ ಕಾಯಬೇಕಾಯಿತು. ಸಂತ್ರಸ್ತರ ಹಕ್ಕುಪತ್ರದ ತಗಾದೆ ಪೂರ್ತಿಯಾಗಿ ಇನ್ನೂ ಮುಗಿದಿಲ್ಲ.

ಕಡಲ ಮುಳುಗಡೆಗೆ ಗೆರೆಯೂ ಇಲ್ಲ, ನೋಟಿಸೂ ಇಲ್ಲ. ಈ ವರ್ಷ ಒಂದು ಸಾಲು ತೆಂಗು, ಮುಂದಿನ ವರ್ಷ ಬಾವಿ, ಆಮೇಲೆ ಅಂಗಳ. ಪರಿಹಾರದ ಅರ್ಜಿ ಯಾರಿಗೆ ಬರೆಯಬೇಕು? ಕಾಂಡ್ಲಾ ಗಿಡಗಳನ್ನು ಉಳಿಸುವುದು, ದಂಡೆಯಂಚಿನಲ್ಲಿ ಕಟ್ಟಡ ಕಟ್ಟದಿರುವುದು, ನದಿಗೆ ಅದರ ನೀರು ಮರಳುಗಳನ್ನು ಬಿಟ್ಟುಕೊಡುವುದು, ಸ್ಥಳ ಬಿಡಬೇಕಾದವರಿಗೆ ಮೊದಲೇ ಜಾಗ ಹುಡುಕುವುದು ಇವೆಲ್ಲ ಇಂದೇ ಆಗಬಹುದಾದ ಕೆಲಸಗಳು. ಮುಳುಗಿದ ಮೇಲೆ ಲೆಕ್ಕ ಹಾಕಿದರೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ದೂರದ ದ್ವೀಪರಾಷ್ಟ್ರಗಳಿಗೆ ಹೋಗಬೇಕಿಲ್ಲ. ಹಿನ್ನೀರಿನ ದಂಡೆಯ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ.